422 ಸಾಲಿನ ಕಪ್ಪು ಪಟ್ಟಿ

ಕಳೆದ ಮಂಗಳವಾರ ಬೆಳಿಗ್ಗೆ ನಾನು ಮಂಡ್ಯದಲ್ಲಿ ಹತ್ತಿದ ರೈಲು ನಾಗನಹಳ್ಳಿಯಲ್ಲಿ ಎಂದಿನಂತೆ ಸಿಗ್ನಲ್‌ಗಾಗಿ ನಿಂತಿತ್ತು. ಮೊಬೈಲ್ ಬಡಿದುಕೊಂಡಿತು. ಕಚೇರಿಯ ಹುಡುಗ.

“ಸರ್, ಆರೂ ಮೆಷಿನ್ ನಿಂತುಬಿಟ್ಟಿವೆ. ಮೌಸ್ ಓಡಾಡುತ್ತದೆ, ಫೋಲ್ಡರ್ ಮಾತ್ರ ತೆರೆಯುವುದಿಲ್ಲ. ಆಫ್ ಮಾಡಿ ಆನ್ ಮಾಡಲೇ?”

“ಒಂದನ್ನೂ ಮುಟ್ಟಬೇಡ. ಟಾಪ್ ಎಂಬ ಆದೇಶ ಕೊಟ್ಟು ಲೋಡ್ ಎಷ್ಟಿದೆ ನೋಡಿ ಹೇಳು.”

“14 ಇದೆ ಸರ್. ಆದರೆ ಸಿಪಿಯು ಏನೂ ಕೆಲಸ ಮಾಡುತ್ತಿಲ್ಲ.”

ಅಷ್ಟು ಕೇಳಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು. ನಮ್ಮ ಮೆಷಿನ್‌ಗಳನ್ನು ನಡೆಸುವ ಲಿನಕ್ಸ್ ತೋರಿಸುವ ಲೋಡ್ ಅಂಕಿಯಲ್ಲಿ ಸಿಪಿಯು ಮೇಲೆ ಓಡುತ್ತಿರುವ ಪ್ರೋಗ್ರಾಂಗಳ ಜೊತೆಗೆ, ಡಿಸ್ಕ್ ಅಥವಾ ನೆಟ್‌ವರ್ಕಿನ ಉತ್ತರಕ್ಕಾಗಿ ಅಲುಗಾಡದೆ ಕುಳಿತವೂ ಸೇರುತ್ತವೆ. ಹೋಟೆಲಿನಲ್ಲಿ ಒಲೆ ಆರಿದ್ದರೂ ಟೇಬಲ್ಲಿನಲ್ಲಿ ಕಾಯುತ್ತಿರುವ ಗಿರಾಕಿಗಳ ತಲೆ ಎಣಿಸಿದ ಹಾಗೆ. ಲೋಡ್ ಹೆಚ್ಚು, ಸಿಪಿಯು ಖಾಲಿ ಎಂದರೆ ಎಲ್ಲರೂ ಯಾರನ್ನೋ ಕಾಯುತ್ತಿದ್ದಾರೆ. ನಮ್ಮ ಕಚೇರಿಯಲ್ಲಿ ಹಾಗೆ ಕಾಯಿಸಬಲ್ಲವರು ಒಬ್ಬರೇ: ಮೂಲೆಯಲ್ಲಿ ಕುಳಿತ ಸರ್ವರ್.

ನಮ್ಮದು ಮೈಸೂರಿನ ಸರಸ್ವತಿಪುರಂನ ಒಂದು ಮಹಡಿಯ ಮೇಲಿನ ಸಣ್ಣ ಕಚೇರಿ. ಹಳೆಯ ಲೆಕ್ಕದ ಪುಸ್ತಕ, ಕ್ರಯಪತ್ರ, ಮನೆತನದ ಕಾಗದಗಳನ್ನು ಸ್ಕ್ಯಾನ್ ಮಾಡಿ ಕೊಡುತ್ತೇವೆ. ಆರು ಮೆಷಿನ್‌ಗಳಿಗೂ ಸರ್ವರಿನ ‘ಪುಟಗಳು’ ಎಂಬ ಒಂದೇ ಫೋಲ್ಡರನ್ನು ಎನ್‌ಎಫ್‌ಎಸ್ (ದೂರದ ಫೈಲನ್ನು ನೆಟ್‌ವರ್ಕಿನಲ್ಲಿ ಒದಗಿಸುವ ವ್ಯವಸ್ಥೆ) ಮೂಲಕ ಮೌಂಟ್ ಮಾಡಿದ್ದೇನೆ, ಅಂದರೆ ಜೋಡಿಸಿದ್ದೇನೆ. ಕೂತು ಕೆಲಸ ಮಾಡುವವರಿಗೆ ಅದು ತಮ್ಮದೇ ಡಿಸ್ಕಿನ ಫೋಲ್ಡರಿನಂತೆ ಕಾಣುತ್ತದೆ. ಆ ಕಾಣುವಿಕೆಯನ್ನು ಕಾಪಾಡುವ ಕೆಲಸವೆಲ್ಲ ಕರ್ನಲ್ಲಿನದು, ಅಂದರೆ ಲಿನಕ್ಸಿನ ತಿರುಳಾದ ಪ್ರೋಗ್ರಾಮಿನದು. ನಾನು ಕರ್ನಲ್ ಬರೆಯುವವನಲ್ಲ. ಪೆಟ್ಟು ತಿಂದ ಮೇಲೆ ಅದರ ಮೂಲ ಕೋಡ್ ತೆರೆದು ಓದಿದವನು. ಹಾಗಾಗಿ ನನಗೆ ಗೊತ್ತಿರುವುದು ಪೆಟ್ಟು ಬಿದ್ದ ಜಾಗಗಳು.

ನಮ್ಮ ತಾತನ ಗದ್ದೆ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿತ್ತು. ತೂಬು ಎತ್ತುವ ಹಕ್ಕು ರೈತನಿಗಿಲ್ಲ, ನೀರುಗಂಟಿಗೆ ಮಾತ್ರ. ತಾತ ಹೋಗಿ “ನೀರು ಬಿಡಪ್ಪ” ಎನ್ನುತ್ತಿದ್ದರು, ಅಷ್ಟೇ. ನೀರು ಕನ್ನಂಬಾಡಿಯಿಂದ ಬರಬೇಕೋ, ಪಕ್ಕದ ಕೆರೆಯಿಂದ ಬರಬೇಕೋ ಎಂಬ ತಲೆನೋವು ನೀರುಗಂಟಿಯದು. ಕರ್ನಲ್ಲಿನಲ್ಲಿ ಆ ನೀರುಗಂಟಿಯ ಹೆಸರು ವಿಎಫ್‌ಎಸ್. ಪ್ರೋಗ್ರಾಂ ‘ಓದು’ ಎಂದು ಕೇಳುತ್ತದೆ. ಫೈಲ್ ಸ್ಥಳೀಯ ಡಿಸ್ಕಿನ ಮೇಲಿದ್ದರೆ ಕೋರಿಕೆ ಆ ಡಿಸ್ಕಿನ ಫೈಲ್ ಸಿಸ್ಟಮ್ ಕಡೆಗೆ ಹೋಗುತ್ತದೆ, ದೂರದಲ್ಲಿದ್ದರೆ ಎನ್‌ಎಫ್‌ಎಸ್ ಕ್ಲೈಂಟ್ (ನಮ್ಮ ಮೆಷಿನ್ನಿನ ಪರವಾಗಿ ಸರ್ವರನ್ನು ಕೇಳುವ ಭಾಗ) ಕಡೆಗೆ. ಪ್ರೋಗ್ರಾಂ ಬರೆದವನಿಗೆ ವ್ಯತ್ಯಾಸ ತಿಳಿಯಬೇಕಾಗಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನವರು 1980ರ ದಶಕದ ನಡುವಿನಲ್ಲಿ ಎನ್‌ಎಫ್‌ಎಸ್ ಕಟ್ಟುವಾಗಲೇ ತಮ್ಮ ಯುನಿಕ್ಸಿನಲ್ಲಿ ಇಂಥದೊಂದು ಪದರವನ್ನೂ ಕಟ್ಟಿದರು. ದೂರದ ಫೈಲು ಹತ್ತಿರದ ಫೈಲಿನಂತೆ ನಟಿಸಬೇಕಾದರೆ ಇಬ್ಬರಿಗೂ ಒಂದೇ ಬಾಗಿಲು ಬೇಕಿತ್ತು.

ನಟನೆ ಎಂದೆ. ಅದು ಎಲ್ಲೆಲ್ಲಿ ಬಯಲಾಗುತ್ತದೆ ಎಂಬುದೇ ಸ್ವಾರಸ್ಯ.

ನಮ್ಮ ಸರ್ವರ್ ಹಳೆಯದು. ಇನ್ನೂ ಎನ್‌ಎಫ್‌ಎಸ್ 3ನೇ ಆವೃತ್ತಿಯಲ್ಲೇ ಇದೆ. 1995ರ ಆರ್‌ಎಫ್‌ಸಿ 1813 ಎಂಬ ತಾಂತ್ರಿಕ ದಾಖಲೆ ವಿವರಿಸುವುದು ಇದನ್ನೇ. ಇದರಲ್ಲಿ ಯಾರು ಯಾವ ಫೈಲನ್ನು ತೆರೆದಿದ್ದಾರೆ ಎಂದು ಸರ್ವರ್ ನೆನಪಿಟ್ಟುಕೊಳ್ಳುವುದಿಲ್ಲ. ‘ತೆರೆ’ ಎಂಬ ಆದೇಶವೇ ಇಲ್ಲ. ಕ್ಲೈಂಟ್ ಫೈಲಿನ ಹೆಸರು ಕೊಟ್ಟು ಹುಡುಕಿಸುತ್ತದೆ, ಸರ್ವರ್ ಒಂದು ಚೀಟಿ ಕೊಡುತ್ತದೆ. ಅದೇ ಫೈಲ್ ಹ್ಯಾಂಡಲ್, ಹೆಚ್ಚೆಂದರೆ 64 ಬೈಟ್. ಮುಂದೆ ಪ್ರತಿ ಕೋರಿಕೆಯ ಜೊತೆಗೂ ಆ ಚೀಟಿ ತೋರಿಸಬೇಕು: ಈ ಚೀಟಿಯ ಫೈಲಿನಲ್ಲಿ ಇಷ್ಟನೇ ಬೈಟಿನಿಂದ ಇಷ್ಟು ಕೊಡು. ಚಾಮುಂಡಿ ಬೆಟ್ಟದಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದಂತೆ. ನಿಮ್ಮ ಮುಖ ಅವರಿಗೆ ನೆನಪಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮಧ್ಯಾಹ್ನ ಕಾವಲಿನವನು ಬದಲಾದರೂ ಟೋಕನ್ ನಡೆಯುತ್ತದೆ. ಸರ್ವರ್ ರೀಬೂಟ್ ಆದರೂ ಚೀಟಿ ನಡೆಯುವುದು ಹೀಗೆಯೇ.

ಟೋಕನ್ನಿನಲ್ಲಿ ಒಂದು ಅಪಾಯವಿದೆ. ಇವತ್ತಿನ 214ನೇ ಟೋಕನ್ ಜೇಬಿನಲ್ಲೇ ಉಳಿದು, ನೀವು ಮುಂದಿನ ವಾರ ಅದನ್ನು ತೋರಿಸಿದರೆ ಬೇರೆ ಯಾರದೋ ಚಪ್ಪಲಿ ಕೈಗೆ ಬರುತ್ತದೆ. ಡಿಸ್ಕಿನಲ್ಲೂ ಫೈಲ್ ಅಳಿಸಿದರೆ ಅದರ ಐನೋಡ್ ಸಂಖ್ಯೆಯನ್ನು (ಡಿಸ್ಕಿನಲ್ಲಿ ಫೈಲನ್ನು ಗುರುತಿಸುವ ಸಂಖ್ಯೆ) ಇನ್ನೊಂದು ಫೈಲಿಗೆ ಕೊಡಲಾಗುತ್ತದೆ. ಅದಕ್ಕಾಗಿ ಚೀಟಿಯಲ್ಲಿ ಐನೋಡ್ ಸಂಖ್ಯೆಯ ಪಕ್ಕ ‘ಇದು ಎಷ್ಟನೇ ಸುತ್ತಿನದು’ ಎಂಬ ಇನ್ನೊಂದು ಸಂಖ್ಯೆಯನ್ನೂ ಸೇರಿಸುತ್ತಾರೆ. ಸುತ್ತು ಹೊಂದದಿದ್ದರೆ ‘ಹಳಸಿದ ಹ್ಯಾಂಡಲ್’ ಎಂಬ ದೋಷ ಬರುತ್ತದೆ. ಬಯ್ದುಕೊಳ್ಳುವ ಮುನ್ನ ಯೋಚಿಸಿ: ಪರರ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗುವುದು ಅದರಿಂದ ತಪ್ಪಿತು.

ನೆನಪಿಲ್ಲದ ಸರ್ವರಿನ ಜೊತೆ ವ್ಯವಹರಿಸುವಾಗ ಕ್ಲೈಂಟಿನ ಕೆಲಸ ಸರಳ. ಉತ್ತರ ಬರಲಿಲ್ಲವೇ, ಮತ್ತೆ ಕೇಳು. 4096ನೇ ಬೈಟಿನಿಂದ ಓದು ಎಂದು ಎರಡು ಸಲ ಹೇಳಿದರೆ ನಷ್ಟವಿಲ್ಲ; ಅಲ್ಲಿ ಇದನ್ನೇ ಬರೆ ಎಂದು ಎರಡು ಸಲ ಹೇಳಿದರೂ ಇಲ್ಲ. ಅಳಿಸುವುದು ಮಾತ್ರ ತೊಡಕು. ಮೊದಲ ಕೋರಿಕೆಗೆ ಸರ್ವರ್ ಅಳಿಸಿತು, ಉತ್ತರ ದಾರಿಯಲ್ಲಿ ಕಳೆಯಿತು ಎನ್ನಿ. ಎರಡನೆಯ ಕೋರಿಕೆಗೆ “ಅಂಥ ಫೈಲೇ ಇಲ್ಲ” ಎಂಬ ಉತ್ತರ ಬಂದರೆ, ಕೆಲಸ ಆದರೂ ಆಗಲಿಲ್ಲವೆಂದಂತಾಯಿತು. ಇದಕ್ಕಾಗಿ ಸರ್ವರ್ ಇತ್ತೀಚಿನ ಕೋರಿಕೆಗಳ ಕ್ರಮಸಂಖ್ಯೆಗಳನ್ನೂ ಅವಕ್ಕೆ ಕೊಟ್ಟ ಉತ್ತರಗಳನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡು, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುತ್ತದೆ. ನೆನಪೇ ಇಲ್ಲ ಎನ್ನುವವರ ಜೇಬಿನಲ್ಲೂ ಒಂದು ಸಣ್ಣ ಡೈರಿ ಇರುತ್ತದೆ. ಇನ್ನು ಫೈಲಿನ ತುದಿಗೆ ಸೇರಿಸು ಎಂಬ ಆದೇಶ ಇದರಲ್ಲಿ ಇಲ್ಲವೇ ಇಲ್ಲ. ತುದಿ ಎಲ್ಲಿದೆ ಎಂದು ಕ್ಲೈಂಟೇ ಲೆಕ್ಕ ಹಾಕಿ ಬರೆಯಬೇಕು. ಎರಡು ಮೆಷಿನ್‌ಗಳು ಒಂದೇ ದಿನಚರಿ ಫೈಲಿಗೆ ಸಾಲು ಸೇರಿಸುವಂತೆ ಮಾಡಿ, ಒಬ್ಬರ ಸಾಲಿನ ಮೇಲೆ ಇನ್ನೊಬ್ಬರ ಸಾಲು ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮಲ್ಲಿ ಪುಟ ಪರಿಶೀಲಿಸುವ ಅಕ್ಕ ಒಬ್ಬರಿದ್ದಾರೆ. ದಿನಕ್ಕೆ ನಾಲ್ಕು ಸಲವಾದರೂ ಕೋಣೆಯ ಆ ಕಡೆಯಿಂದ “ಹಾಕಿದೆಯೇನಪ್ಪಾ?” ಎನ್ನುತ್ತಾರೆ. ಈ ಕಡೆಯಿಂದ “ಹಾಕಿದೆ ಅಕ್ಕಾ!” “ಕಾಣುತ್ತಿಲ್ಲವಲ್ಲ!” ಇಬ್ಬರೂ ಹೇಳುವುದು ನಿಜ. ಪ್ರತಿ ಸಲವೂ ಸರ್ವರನ್ನು ಕೇಳುತ್ತಾ ಕುಳಿತರೆ ಕೆಲಸ ಸಾಗುವುದಿಲ್ಲವೆಂದು, ಕ್ಲೈಂಟ್ ಒಮ್ಮೆ ಕೇಳಿದ ವಿವರವನ್ನು ಸ್ವಲ್ಪ ಕಾಲ ನಂಬಿಕೊಂಡಿರುತ್ತದೆ. ಲಿನಕ್ಸಿನ ಮಾಮೂಲು ಲೆಕ್ಕದಲ್ಲಿ ಫೈಲಿಗೆ 3ರಿಂದ 60 ಸೆಕೆಂಡ್, ಡೈರೆಕ್ಟರಿಗೆ (ಅಂದರೆ ಫೋಲ್ಡರಿಗೆ) 30ರಿಂದ 60. ಫೈಲ್ ಮುಚ್ಚುವಾಗ ಬರೆದದ್ದೆಲ್ಲ ಸರ್ವರಿಗೆ ತಲುಪಬೇಕು, ತೆರೆಯುವಾಗ ಸರ್ವರನ್ನು ಒಮ್ಮೆ ಕೇಳಬೇಕು. ಕೊಟ್ಟಿರುವ ಮಾತು ಇಷ್ಟೇ. ಅಕ್ಕನಿಗೆ ಇದನ್ನು ವಿವರಿಸಿದೆ. “ಹಾಗಾದರೆ ಅರ್ಧ ನಿಮಿಷ ಬಿಟ್ಟು ಕೂಗುತ್ತೇನೆ” ಎಂದರು. ಕೂಗುವುದೇನೂ ನಿಂತಿಲ್ಲ.

ಮಂಗಳವಾರಕ್ಕೆ ಮರಳುತ್ತೇನೆ. ರೈಲು ಇನ್ನೂ ನಾಗನಹಳ್ಳಿಯಲ್ಲೇ ಇತ್ತು. ಹುಡುಗನಿಗೆ ಸರ್ವರಿನ ದೀಪ ನೋಡಲು ಹೇಳಿದೆ, ಉರಿಯುತ್ತಿತ್ತು. ಮೆಷಿನ್‌ಗಳನ್ನೆಲ್ಲ ಸರ್ವರಿಗೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ದೀಪ? ಇಲ್ಲ. ಬೆಳಿಗ್ಗೆ ಕಸ ಗುಡಿಸುವಾಗ ಪೊರಕೆ ತಾಗಿ ಅಡಾಪ್ಟರ್ ಸಡಿಲವಾಗಿತ್ತು. “ಒತ್ತು” ಎಂದೆ. ಒಂದೆರಡು ನಿಮಿಷ ಫೋನಿನಲ್ಲಿ ಬರೀ ಫ್ಯಾನಿನ ಸದ್ದು. ಆಮೇಲೆ “ಸರ್, ಎಲ್ಲ ತಾನಾಗಿಯೇ ಹೊರಟಿತು!” ಎಂದ. ಕರ್ನಲ್ ಲಾಗ್ ಓದಿಸಿದೆ. ‘ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ’ ಎಂಬರ್ಥದ ಸಾಲು, ಅದರ ಕೆಳಗೆ ‘ಸರ್ವರ್ ಓಕೆ’. ನಡುವೆ ಹದಿನಾಲ್ಕು ನಿಮಿಷ. ಅರ್ಧ ಬರೆದಿದ್ದ ಪುಟಗಳು ನಿಂತ ಬೈಟಿನಿಂದಲೇ ಮುಂದುವರಿದು ಮುಗಿದಿದ್ದವು. ಸ್ಕ್ಯಾನ್ ಪ್ರೋಗ್ರಾಮಿಗೆ ನಡುವೆ ಏನೋ ಆಯಿತು ಎಂಬುದೂ ಗೊತ್ತಾಗಲಿಲ್ಲ. ಅದರ ಪಾಲಿಗೆ ಒಂದು ಕೋರಿಕೆ ಸ್ವಲ್ಪ ತಡವಾಯಿತು, ಅಷ್ಟೇ.

ಆಫ್ ಮಾಡಿ ಆನ್ ಮಾಡಿದ್ದರೆ? ಪ್ರೋಗ್ರಾಂ ‘ಬರೆ’ ಎಂದದ್ದು ತಕ್ಷಣ ಸರ್ವರಿಗೆ ಹೋಗುವುದಿಲ್ಲ. ಕರ್ನಲ್ ಅದನ್ನು ತನ್ನ ಮೆಮೊರಿಯ ಹಾಳೆಗಳಲ್ಲಿ ಇಟ್ಟುಕೊಂಡು “ಆಯಿತು” ಎನ್ನುತ್ತದೆ, ಕಳಿಸುವುದು ಆಮೇಲೆ. ವಿದ್ಯುತ್ ಕಿತ್ತರೆ ಆ ಹಾಳೆಗಳು ಹೋದವು. (ಮೆಮೊರಿ ತುಂಬಿದಾಗ ಇಲ್ಲೊಂದು ವಿಚಿತ್ರ ಗಂಟು ಬೀಳುತ್ತದೆ. ಜಾಗ ಮಾಡಲು ಹಾಳೆಗಳನ್ನು ಸರ್ವರಿಗೆ ಕಳಿಸಬೇಕು, ನೆಟ್‌ವರ್ಕಿನಲ್ಲಿ ಕಳಿಸಲು ಮತ್ತೆ ಮೆಮೊರಿ ಬೇಕು. ಇದಕ್ಕಾಗಿ ಕರ್ನಲ್ ಮೊದಲೇ ಸ್ವಲ್ಪ ಮೆಮೊರಿಯನ್ನು ಮುಟ್ಟದೆ ಎತ್ತಿಟ್ಟಿರುತ್ತದೆ, ನಮ್ಮಜ್ಜಿ ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದ ನೋಟಿನಂತೆ.)

ನಾನು ಕಚೇರಿ ತಲುಪಿ ಕಾಫಿ ಕುಡಿಯುವಾಗ ಹುಡುಗ ಒಂದು ಪ್ರಶ್ನೆ ಸಿದ್ಧ ಮಾಡಿಕೊಂಡಿದ್ದ. “ಸರ್, ಮೌಂಟ್ ಮಾಡುವಾಗ ಸಾಫ್ಟ್ ಎಂದು ಹಾಕಿದರೆ ಹೀಗೆ ನಿಲ್ಲುವುದಿಲ್ಲವಂತೆ. ಸ್ವಲ್ಪ ಹೊತ್ತು ನೋಡಿ ಎರರ್ ಕೊಟ್ಟುಬಿಡುತ್ತದಂತೆ. ಉತ್ತರ ಬರುವವರೆಗೂ ಕಾಯುವ ಹಾರ್ಡ್ ನಾವೇಕೆ ಹಾಕಿದ್ದೇವೆ?”

ಹಾಕಿದ್ದೆನಪ್ಪ ಸಾಫ್ಟು. ಒಂದು ಕಾಲದಲ್ಲಿ ನಾನೂ ನಿನ್ನಷ್ಟೇ ಜಾಣ.

ಕಚೇರಿ ಶುರುವಾದ ಎರಡನೇ ವರ್ಷದ ಮಾತು. ಆಗಲೂ ಹೀಗೆಯೇ ನಿಲ್ಲುತ್ತಿತ್ತು, ನನಗೆ ರೇಗುತ್ತಿತ್ತು. ಲಿನಕ್ಸ್ 2.6.25ಕ್ಕಿಂತ ಮುಂಚೆ ಇಂಥ ಕಾಯುವಿಕೆಯಲ್ಲಿ ಸಿಕ್ಕಿಬಿದ್ದ ಪ್ರೋಗ್ರಾಮನ್ನು ಕೊಲ್ಲುವುದೂ ಬಹಳ ಕಷ್ಟವಿತ್ತು. 2008ರಲ್ಲಿ ಬಂದ ಆ ಆವೃತ್ತಿಯಿಂದ ಸಾವಿನ ಸಂಕೇತಕ್ಕೆ ಮಾತ್ರ ಎಚ್ಚರಗೊಳ್ಳುವ ಬಗೆಯ ನಿದ್ರೆಯೊಂದು ಕರ್ನಲ್ಲಿಗೆ ಸೇರಿತು. ಅದಿದ್ದರೂ ನನಗೆ ತೃಪ್ತಿಯಾಗಲಿಲ್ಲ. ‘ಸಾಫ್ಟ್’ ಎಂದು ಹಾಕಿ, ಟೈಮ್‌ಔಟ್ ಜಾಗದಲ್ಲಿ 30 ಎಂದು ಬರೆದೆ. ಮೂವತ್ತು ಸೆಕೆಂಡ್ ಸಾಕಲ್ಲವೇ ಎಂಬ ಲೆಕ್ಕ. ಆ ಆಯ್ಕೆಯ ಮಾನ ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದನ್ನು ಕೈಪಿಡಿಯಲ್ಲಿ ಓದಿದ್ದು ಬಹಳ ತಡವಾಗಿ. ನಾನು ಕೊಟ್ಟಿದ್ದು 3 ಸೆಕೆಂಡ್. ಟಿಸಿಪಿ ಎಂಬ ಸಾಗಣೆಯ ವಿಧಾನಕ್ಕೆ ಎನ್‌ಎಫ್‌ಎಸ್ ಬರೆದವರು ತಾವಾಗಿ ಇಟ್ಟಿರುವುದು 600, ಅಂದರೆ ಪೂರಾ ಒಂದು ನಿಮಿಷ. ಅವರು ಸುಮ್ಮನೆ ಇಟ್ಟಿರಲಿಲ್ಲ.

ಮೆಷಿನ್‌ಗಳು ನಿಲ್ಲುವುದು ನಿಂತಿತು. ನಾನು ಬೀಗಿದೆ. ಎರಡು ತಿಂಗಳು ಕಳೆದ ಮೇಲೆ ಒಬ್ಬ ಗಿರಾಕಿಯ ಮಗ ಫೋನ್ ಮಾಡಿ, “ಒಂದು ಪುಟದ ಮೇಲೆ ಕಪ್ಪು ಟೇಪು ಅಂಟಿಸಿದ ಹಾಗಿದೆಯಲ್ಲ ಸರ್” ಎಂದರು.

ಫೈಲ್ ತೆರೆದೆ. ಪುಟದ ಮೂರನೇ ಒಂದು ಭಾಗ ದಾಟಿದ ಮೇಲೆ ಅಡ್ಡಲಾಗಿ ಒಂದು ಅಪ್ಪಟ ಕಪ್ಪು ಪಟ್ಟಿ, ಸುಮಾರು ಮೂರೂವರೆ ಸೆಂಟಿಮೀಟರ್. ಸ್ಕ್ಯಾನರ್ ಕೆಟ್ಟಿದೆ ಎಂದುಕೊಂಡೆ. ದೊಡ್ಡದು ಮಾಡಿ ನೋಡಿದಾಗ ಮೇಲಂಚು ನೇರವಾಗಿರಲಿಲ್ಲ. ಚುಕ್ಕೆಗಳ ಒಂದು ಸಾಲಿನ ನಡುವಿನಲ್ಲಿ ಕಪ್ಪು ಶುರುವಾಗಿ, ಮುಂದಿನ ಸಾಲುಗಳನ್ನು ಪೂರ್ತಿ ನುಂಗಿ, ಇನ್ನೊಂದು ಸಾಲಿನ ನಡುವೆ ಮುಗಿದಿತ್ತು. ಸ್ಕ್ಯಾನರಿನ ದೀಪ ಕೆಟ್ಟರೆ ಸಾಲಿನ ನಡುವೆ ಮೆಟ್ಟಿಲು ಬರುವುದಿಲ್ಲ. ನಮ್ಮ ಪುಟ 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಗಲ 2480 ಚುಕ್ಕೆ, ಬೂದು ಬಣ್ಣದಲ್ಲಿ ಚುಕ್ಕೆಗೊಂದು ಬೈಟ್. ಪಟ್ಟಿಯನ್ನು ಅಳೆದೆ: 422 ಸಾಲು ಮತ್ತು 2016 ಚುಕ್ಕೆ. ಗುಣಿಸಿ ಕೂಡಿಸಿದರೆ 1048576. ಫೈಲಿನೊಳಗೆ ಅದು ಶುರುವಾದ ಜಾಗ 3145728ನೇ ಬೈಟ್, ಅದೇ ಸಂಖ್ಯೆಯ ಮೂರರಷ್ಟು. ಆ ಸಂಖ್ಯೆಯನ್ನು ನಾನು ದಿನಾ ಮೌಂಟ್ ವಿವರದಲ್ಲಿ ನೋಡುತ್ತಿದ್ದೆ. ನಮ್ಮ ಎನ್‌ಎಫ್‌ಎಸ್ ಒಂದು ಸಲಕ್ಕೆ ಬರೆಯುವ ತುಂಡಿನ ಅಳತೆ ಅದು.

ಆಮೇಲೆ ಎಲ್ಲ ಬಿಚ್ಚಿಕೊಂಡಿತು. ಸಂಜೆ ಬ್ಯಾಕಪ್ ಶುರುವಾದಾಗ ಸರ್ವರಿನ ಡಿಸ್ಕ್ ಏದುಸಿರು ಬಿಡುತ್ತಿತ್ತು. ಒಂದು ಪುಟ ಒಂಬತ್ತು ತುಂಡಾಗಿ ಹೋಗುತ್ತದೆ. ಎಂಟಕ್ಕೆ ಉತ್ತರ ಬಂತು, ಒಂದಕ್ಕೆ ಗಡುವಿನೊಳಗೆ ಬರಲಿಲ್ಲ. ಕರ್ನಲ್ ನಾನು ಹೇಳಿದಂತೆಯೇ ಮತ್ತೆರಡು ಸಲ ನೋಡಿ ಕೈಬಿಟ್ಟಿತು. ನಂತರದ ತುಂಡುಗಳು ತಲುಪಿದ್ದರಿಂದ ಫೈಲಿನ ಅಳತೆ ಸರಿಯಾಗಿಯೇ ಇತ್ತು. ನಡುವೆ ಬರೆಯದೆ ಉಳಿದ ಜಾಗವನ್ನು ಓದಿದರೆ ಸೊನ್ನೆಗಳು ಬರುತ್ತವೆ, ಸೊನ್ನೆ ಎಂದರೆ ಕಪ್ಪು. ಹಾಗೆಂದು ಕರ್ನಲ್ ಸುಮ್ಮನಿರಲಿಲ್ಲ, ದೋಷವನ್ನು ಹೇಳಿತ್ತು. ಆದರೆ ಪ್ರೋಗ್ರಾಮಿಗೆ ಮೊದಲೇ “ಆಯಿತು” ಎಂದಾಗಿತ್ತಲ್ಲ. ತಡವಾಗಿ ತಿಳಿದ ದೋಷವನ್ನು ಫೈಲ್ ಮುಚ್ಚುವಾಗಲೋ, ಡಿಸ್ಕಿಗೆ ತಲುಪಿಸು ಎಂದಾಗಲೋ ಹೇಳಬೇಕು. ಮುಚ್ಚುವಾಗ ಬಂದ ಉತ್ತರವನ್ನು ನೋಡದೆ ಮುಂದೆ ಹೋಗುತ್ತಿದ್ದ ಪ್ರೋಗ್ರಾಂ ಬರೆದವನು ನಾನೇ. ‘ಕ್ಲೋಸ್’, ಅರ್ಧವಿರಾಮ, ಮುಂದಿನ ಸಾಲು. ಇವತ್ತಿಗೂ ಯಾರ ಕೋಡಿನಲ್ಲಾದರೂ ಆ ಸಾಲು ಕಂಡರೆ ನನ್ನ ಹೊಟ್ಟೆ ಚುರುಕ್ಕೆನ್ನುತ್ತದೆ.

ಅದೇ ರಾತ್ರಿ, ತುಂಡಿನ ಗಡಿಯಲ್ಲಿ ಶುರುವಾಗಿ ಒಂದು ತುಂಡಿನಷ್ಟು ಸೊನ್ನೆ ಇರುವ ಫೈಲುಗಳನ್ನು ಹುಡುಕಲು ಹತ್ತು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದೆ. ಒಂಬತ್ತು ಪುಟ ಸಿಕ್ಕವು. ಮೌಂಟನ್ನು ಹಾರ್ಡಿಗೆ ತಿರುಗಿಸಿದೆ. ಎಂಟು ಪುಟಗಳ ಮೂಲ ಇನ್ನೂ ನಮ್ಮ ಕಪಾಟಿನಲ್ಲೇ ಇತ್ತು. ಬೆಳಗಾಗುತ್ತಲೇ ಮತ್ತೆ ಸ್ಕ್ಯಾನ್ ಮಾಡಿದೆವು. ಒಂಬತ್ತನೆಯದು ಆ ಫೋನ್ ಮಾಡಿದ ಮನೆಯವರದು. ಪುಸ್ತಕವನ್ನು ಅವರು ಆಗಲೇ ಮದ್ದೂರಿನ ಹತ್ತಿರದ ತಮ್ಮ ಊರಿಗೆ ಒಯ್ದಿದ್ದರು.

ಹುಡುಗ ಕಾಫಿ ಲೋಟ ಹಿಡಿದುಕೊಂಡೇ ಕೇಳುತ್ತಿದ್ದ. “ಆಮೇಲೆ?”

ಆಮೇಲೆ ಲ್ಯಾಪ್‌ಟಾಪ್, ಕೈಯಲ್ಲಿ ಹಿಡಿಯುವ ಸಣ್ಣ ಸ್ಕ್ಯಾನರ್ ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದೆ. ಮನೆಯ ಯಜಮಾನರಿಗೆ ಎಂಬತ್ತು ದಾಟಿತ್ತು. ಬೆಲ್ಲದ ವ್ಯಾಪಾರದ ಮನೆತನ. ಪುಸ್ತಕ ಅವರ ತಂದೆಯದು.

“ಒಂದು ಹಾಳೆಗೆ ಮೈಸೂರಿನಿಂದ ಬಂದಿರಾ?”

“ತಪ್ಪು ನನ್ನದು ಯಜಮಾನರೇ. ಆ ಹಾಳೆಯ ನಾಲ್ಕು ಸಾಲು ಬರಹ ನಮ್ಮಲ್ಲಿ ಅಳಿಸಿಹೋಗಿದೆ.”

ಪುಸ್ತಕವನ್ನು ಅಟ್ಟದಿಂದ ಇಳಿಸಿ, ಪಂಚೆಯ ತುದಿಯಿಂದ ಒರೆಸಿ, ಪುಟ ತೆಗೆದರು. ಮೇಲೆಲ್ಲ ಅಚ್ಚು ಬೆಲ್ಲದ ತೂಕ, ಗಾಡಿ ಬಾಡಿಗೆ. ಕಪ್ಪು ಪಟ್ಟಿ ಬಿದ್ದಿದ್ದ ಜಾಗದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದರು. ಬೆಲ್ಲದ ಲೆಕ್ಕದ ನಡುವೆ ಚಪ್ಪರದ ಖರ್ಚು, ವಾದ್ಯದವರಿಗೆ ಕೊಟ್ಟದ್ದು, ಒಂದು ಸೀರೆ. “ನಮ್ಮಕ್ಕನ ಮದುವೆ” ಎಂದರು.

ನಾನು ಸ್ಕ್ಯಾನರನ್ನು ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಎಳೆದೆ. ಪೆನ್ ಡ್ರೈವಿಗೂ ಒಂದು ಪ್ರತಿ ಹಾಕಿ, ಮೆಮೊರಿಯಲ್ಲಿರುವುದನ್ನೆಲ್ಲ ಡ್ರೈವಿಗೆ ತಲುಪಿಸು ಎಂಬರ್ಥದ ‘ಸಿಂಕ್’ ಆದೇಶ ಬರೆದು ಎಂಟರ್ ಒತ್ತಿದೆ. ಅಗ್ಗದ ಪೆನ್ ಡ್ರೈವ್. ಕರ್ಸರ್ ಮಿಟುಕಿಸುತ್ತಾ ನಿಂತಿತು.

“ಬಂತೇ?” ಎಂದರು ಯಜಮಾನರು.

“ಇನ್ನೂ ಇಲ್ಲ.”

ಅವರು ಒಳಗೆ ಹೋಗಿ ತಟ್ಟೆಯಲ್ಲಿ ಒಂದಚ್ಚು ಬೆಲ್ಲ, ಒಂದು ಚೊಂಬು ನೀರು ತಂದಿಟ್ಟರು. ಅಷ್ಟರಲ್ಲಿ ಕೆಲಸ ಮುಗಿದು ಪ್ರಾಂಪ್ಟ್ ಬಂದಿತ್ತು. ಫೈಲನ್ನು ಪೆನ್ ಡ್ರೈವಿನಿಂದ ತೆರೆದು, ಸೀರೆಯ ಬೆಲೆಯನ್ನು ಅವರಿಗೆ ಪರದೆಯ ಮೇಲೆ ತೋರಿಸಿದೆ.